ಎರಡನೇ ಡಿಸ್ಕಿನ ಕೆಂಪು ಟೊಪ್ಪಿಗೆ

ಸಿಂದಗಿ
೧೨ ಫೆಬ್ರವರಿ ೨೦೨೪

ನಿಷತ,

ನಿನ್ನ ಹಳೆಯ ನಂಬರು ಈಗ ಬೇರೆ ಯಾರದೋ ಆಗಿದೆ. ಫೋನು ಎತ್ತಿದವನು ತನಗೆ ಯಾವ ನಿಷತಳೂ ಗೊತ್ತಿಲ್ಲ ಎಂದು ಹೇಳಿ, ಪಂಪ್‌ಸೆಟ್ ಬೇಕೇನ್ರಿ ಎಂದು ಕೇಳಿದ. ಹಾಗಾಗಿ ಅಂಚೆ. ನನ್ನ ಹತ್ತಿರ ಇರುವುದು ಮುದ್ದೇಬಿಹಾಳದ ನಿಮ್ಮ ಅಬ್ದುಲಗನಿ ಮಾಮಾನ ಅಂಗಡಿಯ ವಿಳಾಸ ಮಾತ್ರ. ಡಿಸ್ಕ್ ಬಾಡಿಗೆಗೆ ಕೊಡುವ ಅಂಗಡಿ ಈಗ ಎಲ್ಲೂ ಉಳಿದಿಲ್ಲ. ಆದರೂ ಪೋಸ್ಟಮನ್ ನಿಮ್ಮ ಮಾಮಾನನ್ನು ಮರೆತಿರಲಾರ.

ಬರೆಯಲು ಕಾರಣ ಇದು. ನಮ್ಮ ಡೊರೀನಳ ಸಿನಿಮಾದ ಎರಡನೇ ಭಾಗ ನೋಡಿದೆ.

ವಿಜಯಪುರದ ಹಾಸ್ಟೆಲ್ಲು ನೆನಪಿರಬೇಕು. ಊಟದ ಹಾಲಿನ ಟಿ.ವಿ., ನಿಮ್ಮ ಮಾಮಾ ಕೊಟ್ಟ ಹಳೆಯ ಹಾಲಿವುಡ್ ಸಿನಿಮಾ. ಡಬ್ಬಿಯ ಮೇಲೆ ಅವರ ಕೈಬರಹದಲ್ಲಿ 'ಇಂಗ್ಲಿಷ್ ಡ್ಯಾನ್ಸ್' ಎಂದಷ್ಟೇ ಇತ್ತು. ಒಳಗೆ ಒಂದೇ ಡಿಸ್ಕು. ಟೊಪ್ಪಿಗೆ ಅಂಗಡಿಯ ಹುಡುಗಿ ಡೊರೀನ್ ಗಾಲಿಯ ಏಣಿಯ ಮೇಲೆ ನಿಂತು ಹಾಡುತ್ತಾಳೆ, ಏಣಿ ಅಂಗಡಿಯುದ್ದಕ್ಕೂ ಜಾರುತ್ತದೆ. ಆಮೇಲೆ ನಾಟಕ ಕಂಪನಿ, ಪಿಯಾನೊ ಬಾರಿಸುವ ಗಂಡ, ಒಂದು ಕೂಸು. ಕೊನೆಗೆ ಅವಳು ಪರದೆಯ ಹಿಂದೆ ನಿಂತಿರುತ್ತಾಳೆ. ವಾದ್ಯಗಳು ಶುರುವಾಗುತ್ತವೆ, ಪರದೆ ಅಲುಗುತ್ತದೆ, ಡಿಸ್ಕು ಮುಗಿಯುತ್ತದೆ. ಅಷ್ಟನ್ನೇ ನಾವು ಹಾಸ್ಟೆಲ್ಲಿನಲ್ಲಿ ಇರುವವರೆಗೂ ನೋಡಿದೆವು.

ಮುಂದಿನದನ್ನು ನೀನು ಹೇಳಿದೆ. ರಜೆಯಲ್ಲಿ ಊರಿಗೆ ಹೋದಾಗ ಮಾಮಾನ ಅಂಗಡಿಯಲ್ಲಿ ಎರಡನೇ ಡಿಸ್ಕು ನೋಡಿದೆ, ಆಮೇಲೆ ಅದು ಮಷಿನ್ನಿನಲ್ಲಿ ಸಿಕ್ಕಿ ಹಾಳಾಯಿತು ಎಂದೆ. ನೀನು ಹೇಳಿದ ಹಾಗೆ, ಪರದೆ ಏಳುತ್ತದೆ. ಡೊರೀನ್ ಕೆಂಪು ಟೊಪ್ಪಿಗೆ ಹಾಕಿಕೊಂಡು ಬಂದು ಹಾಡುತ್ತಾಳೆ. ಕೂಸು ಪರದೆಯ ಹಿಂದೆ, ಟೊಪ್ಪಿಗೆ ಇಡುವ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಹಾಡಿನ ನಡುವೆ ಅಳುತ್ತದೆ. ಗಂಡ ಪಿಯಾನೊದ ಮೇಲೆ ರಾಗ ಬದಲಿಸಿ ಜೋಗುಳ ಬಾರಿಸುತ್ತಾನೆ. ಅವಳು ಒಳಗೆ ಹೋಗಿ ಹಾಲು ಕುಡಿಸಿ ಬಂದು, ಬಿಟ್ಟ ಸಾಲಿನಿಂದಲೇ ಹಾಡು ಮುಗಿಸುತ್ತಾಳೆ. ಅಲ್ಲಿಯವರೆಗೆ ಮಂದಿ ಕದಲದೆ ಕೂತಿರುತ್ತಾರೆ.

ಅಂಥದ್ದೇನೂ ಆ ಸಿನಿಮಾದಲ್ಲಿಲ್ಲ. ಪರದೆ ಏಳುತ್ತದೆ, ಗಂಡ ಒಬ್ಬನೇ ಬಂದು ಹಾಡುತ್ತಾನೆ. ಅಲ್ಲಿಂದ ಮುಂದೆ ಡೊರೀನ್ ಅಡುಗೆಮನೆಯಲ್ಲಿರುತ್ತಾಳೆ. ತಟ್ಟೆ ಒರೆಸುತ್ತಾಳೆ, ಕಿಟಕಿ ನೋಡುತ್ತಾಳೆ. ಕೂಸಿಗೆ ಅರ್ಧ ಹಾಡು ಹಾಡುತ್ತಾಳೆ. ಆ ದನಿಯೂ ಅವಳದಲ್ಲ ಅನಿಸಿತು, ತುಟಿ ಒಂದು ಕಡೆ, ಹಾಡು ಒಂದು ಕಡೆ. ಕೂಸು ಬರೀ ಗೊಂಬೆ. ಎತ್ತುವಾಗ ಅವಳು ಅದರ ಕುತ್ತಿಗೆಗೆ ಕೈ ಕೊಡುವುದಿಲ್ಲ. ಕೊನೆಯಲ್ಲಿ ದೊಡ್ಡ ಮೆಟ್ಟಿಲು, ಒಂದೇ ಥರದ ಕೂದಲಿನ ಹೆಂಗಸರ ಹಿಂಡು, ನಡುವೆ ಗಂಡ. ಡೊರೀನ್ ಪ್ರೇಕ್ಷಕರ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾಳೆ. ಕೈಗೆ ಬಟ್ಟೆಯ ಗವಸು ಇರುವುದರಿಂದ ಸಪ್ಪಳವೂ ಬರುವುದಿಲ್ಲ. ಅಲ್ಲಿಗೆ ಮುಗಿಯಿತು.

ನಾನು ಈಗ ಕೂಸಿನ ತಾಯಿ. ಗಂಡ ಚೇತನಕುಮಾರ ದೇವರ ಹಿಪ್ಪರಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ನಾನು ಬಸವನ ಬಾಗೇವಾಡಿಯ ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಹೆರಿಗೆಗೆ ಬಿಟ್ಟು ಬಂದೆ. ಜೂನಿನಲ್ಲಿ ಮತ್ತೆ ಬರುತ್ತೀರೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಹೋಗದಿದ್ದರೆ ಆ ಜಾಗ ಬೇರೆಯವರಿಗೆ. ನನಗೆ ನಿದ್ದೆ ಇಲ್ಲ. ಕೂಸು ಅತ್ತರೆ ಎದ್ದಿರುತ್ತೇನೆ, ಮಲಗಿದರೆ ಉಸಿರು ನೋಡುತ್ತಾ ಎದ್ದಿರುತ್ತೇನೆ. ಹಾಗೆ ಎದ್ದಿದ್ದ ಒಂದು ಹೊತ್ತಿನಲ್ಲಿ, ಪೆಟ್ಟಿಗೆಯಲ್ಲಿ ಕೂಸು ಮಲಗಿಸಿದವಳ ಮುಖ ನೋಡಿ ಧೈರ್ಯ ತಂದುಕೊಳ್ಳೋಣ ಎಂದು ಫೋನಿನಲ್ಲಿ ಸಿನಿಮಾ ಹುಡುಕಿದೆ. ಪೆಟ್ಟಿಗೆಯೇ ಇಲ್ಲ.

ನೀನು ಎರಡನೇ ಡಿಸ್ಕು ನೋಡೇ ಇರಲಿಲ್ಲ, ಅಲ್ಲವೇ?

ಉತ್ತರ ಬರೆಯದಿದ್ದರೂ ನಡೆಯುತ್ತದೆ ಎಂದು ಬರೆಯಬೇಕೆಂದಿದ್ದೆ. ನಡೆಯುವುದಿಲ್ಲ.

ವಿಜಯಶ್ರೀ


ಮುದ್ದೇಬಿಹಾಳ
೧೯ ಮಾರ್ಚ್ ೨೦೨೪

ವಿಜಯಶ್ರೀ ಅವರಿಗೆ,

ತಮ್ಮ ಕಾಗದ ಮುಟ್ಟಿತು. ಮಾಮಾನ ಅಂಗಡಿ ಈಗ ಮೊಬೈಲ್ ರಿಪೇರಿ ಅಂಗಡಿ, ಅವರ ಮಗ ಯುನೂಸ ಕೂರುತ್ತಾನೆ. ಕಾಗದ ಬಂದು ಎಷ್ಟೋ ದಿನ ಅವನ ಗಲ್ಲಾಪೆಟ್ಟಿಗೆಯಲ್ಲಿ ಬಿದ್ದಿತ್ತು. "ಇಷ್ಟ ದಪ್ಪ ಲಕೋಟಿ ಅಂದ್ರ ಕೋರ್ಟಿಂದ ಇರಬೇಕು ಅಂತ ಅಂಜಿ ಕೊಡಲಿಲ್ಲ ಅಕ್ಕಾ" ಅಂದ. ಓದಿದ ಮೇಲೆ ನನಗೂ ಅದೇ ಅನಿಸಿತು. ಸಿನಿಮಾದ ವಿಚಾರಣೆಗೆ ಸಮನ್ಸು.

ನೀನು ನನ್ನ ನಿಕಾಹಕ್ಕೆ ಬರಲಿಲ್ಲ. ಬರುವುದಿಲ್ಲ ಎಂದು ಹೇಳಲೂ ಇಲ್ಲ. ಈಗ ಡೊರೀನ್ ಹಾಡಲಿಲ್ಲವೆಂದು ಇಷ್ಟುದ್ದ ಬರೆದೆ. ನಮ್ಮ ಮನೆಯವರು, ಶಕೀಲ, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಓದಿ ಹೇಳಿದರೆ, "ಆ ಹೀರೋಯಿನ್ ನಿಮಗ ಏನ ಆಗಬೇಕು?" ಎಂದು ಕೇಳಿದರು. ಏನೆಂದು ಹೇಳಲಿ.

ಸಿನಿಮಾ ಚೆನ್ನಾಗಿಲ್ಲದಿದ್ದರೆ ಬಿಟ್ಟುಬಿಡು. ನಾನು ಮನೆಯಲ್ಲಿ ಮಕ್ಕಳ ಬಟ್ಟೆ ಹೊಲಿಯುತ್ತೇನೆ, ರಂಜಾನಿನ ಕೆಲಸ ಮೈಮೇಲಿದೆ. ಕೂಸಿಗೆ ಒಳ್ಳೆಯದಾಗಲಿ.

ನಿಷತ


ಇಂಡಿ
೧೪ ಏಪ್ರಿಲ್ ೨೦೨೪

ನಿಷತ,

ಯುಗಾದಿಗೆ ತವರಿಗೆ ಬಂದಿದ್ದೇನೆ. ಅಂಗಳದ ತುಂಬ ನಿಂಬೆಹಣ್ಣು ಹರವಿದ್ದಾರೆ, ಕಾಲಿಡಲು ಜಾಗವಿಲ್ಲ. ನನ್ನ ತಾಯಿ ನಿನಗೆ ಗೊತ್ತಲ್ಲ, ವಿದ್ಯಾವತಿ ಟೀಚರ್. ಜೀವನವಿಡೀ ಸಾಲಿಗೆ ಹೋಗಿ ಬಂದವಳು. ಅವಳೂ ಈಗ, "ಎರಡ ವರ್ಷ ಬಿಟ್ಟ ಬಿಡು, ನೌಕರಿ ಎಲ್ಲಿ ಓಡಿ ಹೊಕ್ಕೈತಿ?" ಎನ್ನುತ್ತಾಳೆ. "ನೀ ಬಿಟ್ಟಿದ್ದೇನು?" ಎಂದರೆ, "ನಂದು ಸರ್ಕಾರಿ ನೌಕರಿ ಇತ್ತು" ಎಂದು ನಿಂಬೆಹಣ್ಣು ಆರಿಸತೊಡಗಿದಳು.

ಯಾರೂ ನನಗೆ ಹೋಗಬೇಡ ಎಂದಿಲ್ಲ. ಕೂಸು ಯಾರ ಹತ್ತಿರ ಎಂದಷ್ಟೇ ಕೇಳುತ್ತಾರೆ. ಚೇತನ ಕೂಡ ಅಷ್ಟೇ. "ಅವ್ವ ಏನ ಅಂತಾಳ ಕೇಳು" ಎಂದು ಅಂಗಡಿಗೆ ಹೋಗುತ್ತಾರೆ. ಅತ್ತೆಯನ್ನು ನಾನು ಇನ್ನೂ ಕೇಳಿಲ್ಲ. ಪ್ರಿನ್ಸಿಪಾಲರು ಮೇ ಕೊನೆಗೆ ಉತ್ತರ ಬೇಕೆಂದಿದ್ದಾರೆ.

ನಿನ್ನ ನಿಕಾಹದ ಹೊತ್ತಿಗೆ ನಾನು ಸಿಂದಗಿಗೆ ಹೊಸದಾಗಿ ಬಂದ ಸೊಸೆ. ಹೋಗಲೇ ಎಂದು ಕೇಳಬಹುದಿತ್ತು. ಬೇಡ ಎಂದರೆ ಏನು ಮಾಡುವುದೆಂದು ಕೇಳಲೇ ಇಲ್ಲ. ಇದಕ್ಕಿಂತ ಹೆಚ್ಚು ಬರೆದರೆ ನೆಪದಂತೆ ಕಾಣುತ್ತದೆ.

ಸಿನಿಮಾ ಇನ್ನೊಮ್ಮೆ ನೋಡಿದೆ. ಈ ಸಲ ಒಂದು ವಿಷಯ ಗಮನಕ್ಕೆ ಬಂತು. ಅದು ಮೊದಲಿನಿಂದ ಕೊನೆಯವರೆಗೂ ಕಪ್ಪು ಬಿಳುಪು. ಇಷ್ಟು ವರ್ಷ ನನ್ನ ತಲೆಯಲ್ಲಿ ಡೊರೀನಳ ಟೊಪ್ಪಿಗೆ ಕೆಂಪಾಗಿಯೇ ಇದೆ. ಏಣಿಯ ಮೇಲಿನ ಹಾಡಿನಲ್ಲೂ ಕೆಂಪು. ಅದು ಕಪ್ಪು ಬಿಳುಪಿನ ಸಿನಿಮಾ ಎಂದು ನಾನು ಮರೆತೇಬಿಟ್ಟಿದ್ದೆ.

ನೀನು ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾಕೆ ಹೇಳಿದೆ ಎಂದಷ್ಟೇ ಗೊತ್ತಾಗಬೇಕು.

ವಿಜಯಶ್ರೀ


ಮುದ್ದೇಬಿಹಾಳ
೨ ಮೇ ೨೦೨೪

ವಿಜಯಶ್ರೀ,

ನೋಡಿದ್ದೆ.

ಎರಡನೇ ಡಿಸ್ಕು ಪೂರ್ತಿ ನೋಡಿದ್ದೆ, ಮಾಮಾನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು. ಅವಳು ಈಗ ಹಾಡುತ್ತಾಳೆ, ಈಗ ಹಾಡುತ್ತಾಳೆ ಎಂದು ಕಾದೆ. ಗವಸಿನ ಚಪ್ಪಾಳೆ ಬಂತು, ಹೆಸರುಗಳು ಬಂದವು. ಇನ್ನೂ ಏನೋ ಇರಬೇಕೆಂದು ಡಿಸ್ಕು ತಿರುವಿ ಹಾಕಿದೆ. ತಿರುವಿ ಹಾಕಿದರೆ ಏನೂ ಬರುವುದಿಲ್ಲವೆಂದು ಆಗ ಗೊತ್ತಾಯಿತು.

ಡಿಸ್ಕು ಮಷಿನ್ನಿನಲ್ಲಿ ಸಿಕ್ಕಿರಲಿಲ್ಲ. ನಾನೇ ಕಪಾಟಿನಿಂದ ತೆಗೆದು ಹೊಲಕ್ಕೆ ಒಯ್ದೆ. ಜೋಳ ತೆನೆಗಟ್ಟಿತ್ತು, ಹಕ್ಕಿ ಬೆದರಲೆಂದು ಗಳಕ್ಕೆ ಹಳೆಯ ಡಿಸ್ಕು ಕಟ್ಟುತ್ತಿದ್ದರು. ಅವುಗಳ ನಡುವೆ ಅವಳನ್ನೂ ಕಟ್ಟಿದೆ. ಮಾಮಾ ಹುಡುಕಿದ್ದೇ ಹುಡುಕಿದ್ದು. ನಮ್ಮ ಡೊರೀನ್ ಆ ವರ್ಷದ ಸುಗ್ಗಿ ಮುಗಿಯುವವರೆಗೂ ಹೊಲದಲ್ಲಿ ಹೊಳೆಯುತ್ತಾ ಹಕ್ಕಿ ಓಡಿಸಿದಳು. ಅವಳು ಸಿನಿಮಾದ ಎರಡನೇ ಭಾಗದಲ್ಲಿ ಮಾಡಿದ್ದಕ್ಕಿಂತ ಅದು ಹೆಚ್ಚಿನ ಕೆಲಸ.

ಯಾಕೆ ಅಂದರೆ. ನಾನು ಊರಿನಿಂದ ಹಾಸ್ಟೆಲ್ಲಿಗೆ ಮರಳಿದ ದಿನ ನೀನು ಟ್ರಂಕು ತೆಗೆದು ಸೀರೆ ನೋಡುತ್ತಿದ್ದೆ. ಹೊರ್ತಿಯಿಂದ ನಿನ್ನನ್ನು ನೋಡಲು ಬರುವವರಿದ್ದರು. "ಅವರು ಹೂಂ ಅಂದ್ರ ಪರೀಕ್ಷಾ ಬಿಡತೇನಿ, ಪುಸ್ತಕ ಎಲ್ಲಾ ನೀನ ತಗೋ" ಅಂದೆ. ನಗುತ್ತಲೇ ಅಂದೆ. ಆಮೇಲೆ ಸೀರೆ ಮಡಿಸುತ್ತಾ, "ಎರಡನೇ ಡಿಸ್ಕ್ ಸಿಕ್ತೇನು? ಅಕಿ ಹಾಡಿದಳೇನು?" ಅಂದೆ.

ನಾನು ಏನು ಹೇಳಬೇಕಿತ್ತು? ಹಾಡಲಿಲ್ಲ, ತಟ್ಟೆ ಒರೆಸಿದಳು ಎಂದೇ? ಹಾಡಿದಳು ಅಂದೆ. ಹೇಗೆ ಅಂದೆ ನೀನು. ಹೇಳುತ್ತಾ ಹೋದೆ. ಕೂಸನ್ನು ಎಲ್ಲಿಡಬೇಕೆಂದು ತಿಳಿಯದೆ ಪೆಟ್ಟಿಗೆಯಲ್ಲಿಟ್ಟೆ. ನೀನು ಟೊಪ್ಪಿಗೆಯ ಬಣ್ಣ ಕೇಳಿದೆ. ನಿನ್ನ ಕೈಯಲ್ಲಿದ್ದ ಸೀರೆ ಕೆಂಪಿತ್ತು. ಹೊರ್ತಿಯವರು ಯಾಕೋ ಬರಲಿಲ್ಲ, ನೀನು ಪರೀಕ್ಷೆ ಬರೆದೆ. ನನ್ನಿಂದಲೇ ಬರೆದೆ ಎಂದು ನಾನು ಹೇಳುತ್ತಿಲ್ಲ. ತಪ್ಪಾಯಿತು ಎಂದೂ ಹೇಳುವುದಿಲ್ಲ.

ಇದರ ಜೊತೆ ಒಂದು ಕುಂಚಿಗಿ ಕಳಿಸಿದ್ದೇನೆ. ಕೆಂಪು. ಕೂಸಿನ ತಲೆ, ಬೆನ್ನು ಎರಡೂ ಬೆಚ್ಚಗಿರುತ್ತವೆ. ಹೋದ ವರ್ಷ ನಮ್ಮ ಮನೆಗೆಂದೇ ಹೊಲಿದದ್ದು. ಹೊಸದೇ ಇದೆ, ಬಳಕೆಯಾಗಲಿಲ್ಲ.

ನಿಷತ


ಸಿಂದಗಿ
೧೬ ಮೇ ೨೦೨೪

ನಿಷತ,

ಕುಂಚಿಗಿ ಬಂತು. ಅದರ ಬಗ್ಗೆ ನಾನು ಏನೂ ಕೇಳುವುದಿಲ್ಲ. ನೀನು ಹೇಳುವ ದಿನ ಕೇಳಿಸಿಕೊಳ್ಳುತ್ತೇನೆ. ನನ್ನ ಅತ್ತೆ ಸಿದ್ದವ್ವ ಅದನ್ನು ತಿರುವಿ ಒಳಹೊಲಿಗೆ ನೋಡಿ, "ಯಾರ ಹೊಲದಾರ? ಗೆಳತಿಗೆ ಹೇಳು, ಕೈ ಭಾಳ ಚಲೋ ಐತಿ" ಎಂದರು. ಅವರು ಹಾಗೆ ಸುಲಭವಾಗಿ ಹೊಗಳುವವರಲ್ಲ.

ಒಂದು ಸಂಗತಿ ನಡೆಯಿತು. ಬರೆದುಬಿಡುತ್ತೇನೆ.

ಮೊನ್ನೆ ಮಧ್ಯಾಹ್ನ ಅತ್ತೆ ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ನಾನು ಫೋನಿನಲ್ಲಿ ಡೊರೀನಳ ಏಣಿಯ ಹಾಡು ನೋಡುತ್ತಿದ್ದೆ. "ಅದರಾಗ ಕಣ್ಣ ಹಾಳ ಮಾಡ್ಕೊಬ್ಯಾಡ, ಟಿ.ವಿ.ಗೆ ಹಚ್ಚು, ನಾನೂ ನೋಡತೇನಿ" ಎಂದರು. ಹಚ್ಚಿದೆ. ಅವರಿಗೆ ಇಂಗ್ಲಿಷ್ ಬಾರದು, ಕೆಳಗಿನ ಅಕ್ಷರ ಓದಲಾಗದು. ನಾನೇ ಹೇಳುತ್ತಾ ಹೋದೆ. ಮೊದಲ ಭಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಏಣಿ ಜಾರುವಾಗ, "ಬೀಳತೈತಿ ಹುಡುಗಿ" ಎಂದು ಕೂಸನ್ನು ಬಿಗಿಯಾಗಿ ಹಿಡಿದರು.

ಪರದೆ ಎದ್ದಿತು. ಗಂಡ ಒಬ್ಬನೇ ಬಂದ. ಅತ್ತೆ, "ಅಕಿ ಎಲ್ಲಿ ಹ್ವಾದಳು?" ಎಂದರು.

ಒಳಗೆ ತಟ್ಟೆ ಒರೆಸುತ್ತಿದ್ದಾಳೆ ಎನ್ನಬೇಕಿತ್ತು. ಬಾಯಿಗೆ ಬಂದದ್ದು ನಿನ್ನ ಮಾತು. "ಬರ್ತಾಳ್ರಿ ಅತ್ತಿ, ಕೆಂಪು ಟೊಪ್ಪಿಗಿ ಹಾಕ್ಕೊಳ್ಳಾಕ ಹೋಗ್ಯಾಳ" ಎಂದೆ. ಹೇಳಿದ ಮೇಲೆ ಹಿಂದೆ ಬರಲಾಗಲಿಲ್ಲ. ತಟ್ಟೆ ಒರೆಸುವುದು ಬಂತು, ಅದು ಹಿಂದಿನ ದಿನದ್ದು ಎಂದೆ. ಅವನು ಪಿಯಾನೊ ಬಾರಿಸಿದ, ಪೆಟ್ಟಿಗೆಯಲ್ಲಿ ಅಳುವ ಕೂಸಿಗೆ ಜೋಗುಳ, ಮಂದಿ ಅವಳಿಗಾಗಿ ಕಾಯುತ್ತಾರೆ ಎಂದೆ. ಮೆಟ್ಟಿಲ ಮೇಲೆ ಹೆಂಗಸರು ಕುಣಿದರು, ನಡುವೆ ದೂರದಲ್ಲಿ ಇರುವವಳೇ ಅವಳು, ಹಾಡುವವಳೂ ಅವಳೇ ಎಂದೆ. ಅತ್ತೆ ಕಣ್ಣು ಕಿರಿದು ಮಾಡಿ ಹುಡುಕಿದರು. ಅಷ್ಟರಲ್ಲಿ ಗವಸಿನ ಚಪ್ಪಾಳೆ ಬಂದುಬಿಟ್ಟಿತು. ಡೊರೀನ್, ತೆರೆಯ ತುಂಬ, ಕುರ್ಚಿಯಲ್ಲಿ.

"ಇಲ್ಲಿ ಕುಂತಾಳಲ್ಲ ಅಕಿ."

"ಅಕಿ ಅಲ್ರಿ. ಅಕಿ ಜೋಡಿ ಹುಟ್ಟಿದಾಕಿ. ಅವಳಿ."

"ಅವಳಿ ಇದ್ದಾಳಂತ ಮೊದಲ ಹೇಳಬಾರದ? ಅವಾಗಿಂದ ತಟ್ಟಿ ಒರಸಾಕಿ ಯಾರಂತ ನಾ ಮರುಗಾಕತ್ತೇನಿ."

ಸಿನಿಮಾ ಮುಗಿಯಿತು. ಅತ್ತೆ, "ಒಂದ ಕೇಳ್ತೇನಿ. ಅವಾ ಎರಡ ಸಲ ಬಾಯಿ ತೆಗದ. ನೀ ಅಷ್ಟುದ್ದ ಹೇಳಿದಿ" ಎಂದರು.

"ಇಂಗ್ಲಿಷ್ ಹಂಗ ರೀ ಅತ್ತಿ. ಸಣ್ಣ ಮಾತಿನಾಗ ಭಾಳ ಹಿಡಿತೈತಿ."

"ಹೌದೇನು" ಎಂದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ, "ಮನಿಗೆ ಬಂದ ಏನ ಉಂಡಳು?" ಎಂದು ಕೇಳಿದರು. ಬ್ರೆಡ್ಡು ಎಂದೆ. "ಅಷ್ಟ ಹಾಡಿ ಬಂದಾಕಿಗೆ ಬರೇ ಬ್ರೆಡ್ಡೇನು" ಎಂದು ಕೂಸನ್ನು ಎತ್ತಿಕೊಂಡು ಎದ್ದರು.

ಅದೇ ಹೊತ್ತಿನಲ್ಲಿ ಬಾಗೇವಾಡಿಯ ಮಾತು ಕೇಳಬೇಕೆಂದಿದ್ದೆ. ಕೂಸು ಅಳಲು ಶುರು ಮಾಡಿತು. ನಾನು ಕೇಳಲಿಲ್ಲ.

ವಿಜಯಶ್ರೀ


ಮುದ್ದೇಬಿಹಾಳ
೨೫ ಮೇ ೨೦೨೪

ವಿಜ್ಜಿ,

ಅವಳಿ ನನಗೆ ಹೊಳೆದಿರಲಿಲ್ಲ. ಶಕೀಲರಿಗೆ ಓದಿ ಹೇಳಿದೆ. ನಗು ತಡೆಯಲಾಗದೆ ಚಹಾ ಅಂಗಿಯ ಮೇಲೆ ಚೆಲ್ಲಿಕೊಂಡರು. "ಈ ಹೆಣ್ಣಮಗಳು ಇತಿಹಾಸಾನೂ ಹಿಂಗ ಹೇಳತಾರೇನು?" ಎಂದು ಕೇಳಿದರು. ಉತ್ತರ ನೀನೇ ಕೊಡು.

ಆದರೆ ನೀನು ಮತ್ತೆ ಕೇಳಲಿಲ್ಲ. ನನ್ನ ನಿಕಾಹದ್ದೇ ಕತೆ. ಬೇಡ ಅನ್ನುತ್ತಾರೆಂದು ಕೇಳದಿರುವುದು, ಆಮೇಲೆ ವರ್ಷಗಟ್ಟಲೆ ನಿದ್ದೆಗೆಡುವುದು. ನಾನು ಇಲ್ಲಿ ಕೂತು ನಿನಗೆ ಇನ್ನೊಂದು ಸುಳ್ಳು ಕಟ್ಟಿಕೊಡಲಾರೆ. ಪೆಟ್ಟಿಗೆ, ಟೊಪ್ಪಿಗೆ ಎರಡೂ ನನ್ನವು. ಬಾಯಿ ನಿನ್ನದು. ಮೇ ಮುಗಿಯುತ್ತಾ ಬಂತು. ಕೇಳು.

ಇನ್ನೊಂದು. ಇಷ್ಟು ಕಾಗದ ಬರೆದೆ. ಕೂಸು, ಕೂಸು ಎಂದೇ ಬರೆದಿದ್ದೀಯ. ಹೆಣ್ಣೋ ಗಂಡೋ, ಹೆಸರೇನು, ಒಂದೂ ಇಲ್ಲ. ಹೇಳಿದರೆ ನನಗೆ ನೋವಾಗುತ್ತದೆಂದು ಬಿಟ್ಟಿದ್ದರೆ, ಬರೆ. ನೋವಾದರೂ ಬರೆ.

ನಿಷತ


ಬಸವನ ಬಾಗೇವಾಡಿ
೧೮ ಜೂನ್ ೨೦೨೪

ನಿಷತ,

ಊರಿನ ಹೆಸರು ನೋಡಿದೆಯಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ಕ್ಲಾಸಿಗೆ ಇನ್ನೂ ಹೊತ್ತಿದೆ. ಕಿಟಕಿಯಾಚೆ ಬಸ್ಸುಗಳ ಹಾರನ್ನು. ಮನೆಯಿಂದ ಫೋನು ಬಂದಿಲ್ಲ. ಬಂದಿಲ್ಲವೆಂದು ಒಮ್ಮೆ ಚಿಂತೆ, ಬಂದರೆ ಯಾಕೆ ಬಂತೆಂದು ಚಿಂತೆ. ನಿದ್ದೆ ಈಗಲೂ ಇಲ್ಲ. ಇವತ್ತು ಬೆಳಿಗ್ಗೆ ದೇವರ ಹಿಪ್ಪರಗಿ ದಾಟಿದ ಮೇಲೆ ಬಸ್ಸಿನಲ್ಲಿ ಕಣ್ಣು ಮುಚ್ಚಿತ್ತು. ಕಂಡಕ್ಟರ್ ಬಂದು, "ಮೇಡಮ್ಮಾರ, ಬಾಗೇವಾಡಿ ಬಂತು, ಏಳ್ರಿ" ಎಂದು ಎಬ್ಬಿಸಿದ. ಅಷ್ಟು ಚೆನ್ನಾಗಿ ನಾನು ಈಚೆಗೆ ಮಲಗಿರಲಿಲ್ಲ.

ಹೆಣ್ಣು. ಹೆಸರು ಶಾಂಭವಿ. ನಿನಗೆ ನೋವಾಗುತ್ತದೆಂದು ಬಿಟ್ಟಿದ್ದಲ್ಲ. ಬರೆದರೆ ಏನಾದರೂ ಆದೀತೆಂಬ ಅಂಜಿಕೆ. ಯಾರಿಗೂ ಫೋಟೋ ಕೂಡ ಕಳಿಸಿಲ್ಲ. ನಿನಗೆ ಬರೆದೆ. ಕುಂಚಿಗಿ ಸ್ವಲ್ಪ ದೊಡ್ಡದು, ಚಳಿಗಾಲಕ್ಕೆ ಸರಿಯಾಗುತ್ತದೆ. ಅವಳು ಈಗಲೇ ಅದನ್ನು ಬಿಚ್ಚಗೊಡುವುದಿಲ್ಲ.

ನೀನು ಹೇಳಿದಂತೆ ಕೇಳಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಅತ್ತಿ, ನಾ ಬಾಗೇವಾಡಿಗೆ ಹೋಗ್ಲೇನ್ರಿ?" ಎಂದೆ. ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ಕೊನೆಯ ರೊಟ್ಟಿ ತೆಗೆದಿಟ್ಟು, ಕೈ ತೊಳೆದು, ಕೂಸನ್ನು ಬಗಲಿಗೆ ಹಾಕಿಕೊಂಡು ಹೊರಗೆ ಹೋಗಿಬಿಟ್ಟರು. ಮುಗಿಯಿತು ಎಂದುಕೊಂಡೆ. ಪ್ರಿನ್ಸಿಪಾಲರಿಗೆ ಏನು ಹೇಳಬೇಕೆಂದು ಒಲೆಯ ಮುಂದೆ ನಿಂತು ಮಾತು ಜೋಡಿಸುತ್ತಿದ್ದೆ.

ಹೊರಗೆ ಕಟ್ಟೆಯ ಮೇಲೆ ಪಕ್ಕದ ಮನೆಯ ಬಿಬಿಜಾನ ಬಂದು ಕೂತಿದ್ದರು. ಅತ್ತೆ ಅವರಿಗೆ ಸಿನಿಮಾ ಹೇಳುತ್ತಿದ್ದರು. ಒಳಗೆ ಎಲ್ಲವೂ ಕೇಳುತ್ತಿತ್ತು. ಪರದೆ ಎದ್ದಿತು, ಕೆಂಪು ಟೊಪ್ಪಿಗೆಯವಳು ಬಂದಳು, ಕೂಸು ಪೆಟ್ಟಿಗೆಯಲ್ಲಿ ಅತ್ತಿತು, ಮಂದಿ ಕಾದು ಕೂತರು. ಅವಳಿಯನ್ನು ಬಿಟ್ಟುಬಿಟ್ಟರು. ಅವರು ಹೇಳಿದ್ದು ನಿನಗಿಂತ ಚೆನ್ನಾಗಿತ್ತು, ಬೇಜಾರಾಗಬೇಡ. ಬರುವ ರವಿವಾರ ಶಕೀಲ ಅವರನ್ನು ಕರೆದುಕೊಂಡು ಸಿಂದಗಿಗೆ ಬಾ, ನೀನೇ ಕೇಳು. ಬರ್ತಾರೆಂದು ಅತ್ತೆಗೆ ಹೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಬಿಬಿಜಾನ ಸುಮ್ಮನಿರಲಿಲ್ಲ. "ಎಂಥಾ ತಾಯಿ ಬೇ ಅಕಿ, ಕೂಸಿನ್ನ ಒಯ್ದು ಪೆಟ್ಟಿಗ್ಯಾಗ ಮಲಗಸೂದ?" ಎಂದರು.

ಅದಕ್ಕೆ ಅತ್ತೆ ಅಂದರು: "ಅಕಿ ಏನ ಮಾಡತಾಳಬೇ. ಆ ಮನ್ಯಾಗ ಅತ್ತಿ ಇದ್ದಿಲ್ಲ. ಇದ್ದಿದ್ರ ಪೆಟ್ಟಿಗಿ ಯಾಕ ಬೇಕಿತ್ತು?"

ನಿನ್ನ
ವಿಜ್ಜಿ